ಅಂಟಿನ ವಿಶಾಲಾಕ್ಷಮ್ಮ

ವಿಶಾಲಾಕ್ಷಮ್ಮ ಅಂಟು ತಯಾರಿಸುತ್ತಾರೆ ಎನ್ನುವುದು ಚಾಮರಾಜಪೇಟೆ ನಾಲ್ಕನೇ ಮೇನ್‌ನ ಆ ವಠಾರದಲ್ಲಿ ಎಲ್ಲರಿಗೂ ಗೊತ್ತಿತ್ತು. ಎಂಥ ಅಂಟು, ಯಾವುದಕ್ಕೆ ಅಂಟು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಪಕ್ಕದ ಮನೆಯ ಕಾವೇರಮ್ಮ ಹಿಡಿ ಕಿತ್ತುಹೋದ ಕುಕ್ಕರಿನ ಮುಚ್ಚಳವನ್ನು ಹಿಡಿದುಕೊಂಡು ಬಂದರು.

"ನಿಮ್ಮ ಕಾಲೇಜಿಂದ ಒಂಚೂರು ತಂದ್ಕೊಡ್ತೀರಾ?"

"ಇದಕ್ಕೆಲ್ಲ ಅದು ಹಿಡಿಯಲ್ಲ ಕಾವೇರಮ್ಮ."

"ಮತ್ತೆ ಯಾತಕ್ಕೆ ಹಿಡಿಯುತ್ತೆ?"

"ಡಿಎನ್‌ಎಗೆ."

ಕಾವೇರಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಅದು ನಮ್ಮನೇಲಿಲ್ಲ" ಎಂದು ಮುಚ್ಚಳ ವಾಪಸು ತೆಗೆದುಕೊಂಡು ಹೋದರು. ವಿಶಾಲಾಕ್ಷಮ್ಮ ತಿದ್ದಲು ಹೋಗಲಿಲ್ಲ. ಇದೆ ಎಂದು ಹೇಳಿದ್ದರೆ ಎಲ್ಲಿದೆ ಎಂದು ತೋರಿಸಬೇಕಾಗುತ್ತಿತ್ತು.

ಅವರು ಬಸವನಗುಡಿಯ ಒಂದು ಕಾಲೇಜಿನಲ್ಲಿ ಅಟೆಂಡರ್. ಎಸ್‌ಎಸ್‌ಎಲ್‌ಸಿ ಪಾಸಾಗಿ, ಮದುವೆಯಾಗಿ, ಮೂವತ್ತು ತುಂಬಿದ ಮೇಲೆ ಜೀವಶಾಸ್ತ್ರದ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದವರು. ಗಂಡ ಕಾಳಪ್ಪ ಮಾರುಕಟ್ಟೆಯ ಹೂವಿನ ಮಂಡಿಯಲ್ಲಿದ್ದರು. ಆಮೇಲೆ ಮಂಡಿನೋವು ಬಂದು ಹೂವಿನ ಮಂಡಿ ಬಿಟ್ಟರು. ಮುಂದೆ ಮಗಳನ್ನು ಶೇಷಾದ್ರಿಪುರಕ್ಕೆ ಮದುವೆ ಮಾಡಿ ಕೊಟ್ಟರು. ವಿಶಾಲಾಕ್ಷಮ್ಮ ಮೊದಲ ಐದು ವರ್ಷ ಗಾಜು ತೊಳೆದರು. ಆ ಐದು ವರ್ಷದಲ್ಲಿ ಒಡೆದದ್ದು ಎರಡೇ ಬೀಕರ್. ಎರಡೂ ಒಂದೇ ದಿನ ಒಡೆದವು, ಅವತ್ತು ಭೂಕಂಪವಾಗಿತ್ತು.

ಆ ಸಮಯಕ್ಕೆ ಇಲಾಖೆಗೆ ಬಂದವರು ಪ್ರೊಫೆಸರ್ ಆತ್ರೇಯ. ಅವರಿಗೆ ಲೈಗೇಸ್ ಎಂಬ ಕಿಣ್ವ ಬೇಕಿತ್ತು. ತುಂಡಾದ ಡಿಎನ್‌ಎಯನ್ನು ಮತ್ತೆ ಜೋಡಿಸುವುದು ಅದರ ಕೆಲಸ. ಅದಿಲ್ಲದೆ ಒಂದು ಜೀವಿಯ ಜೀನನ್ನು ಇನ್ನೊಂದರೊಳಗೆ ಸೇರಿಸುವ ಯಾವ ಪ್ರಯೋಗವೂ ನಡೆಯುವುದಿಲ್ಲ. ಕಿಣ್ವ ಹೊರದೇಶದಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಬರುತ್ತಿತ್ತು, ವಿಮಾನ ನಿಲ್ದಾಣದಲ್ಲಿ ಕಾಗದಪತ್ರಕ್ಕಾಗಿ ಮೂರು ವಾರ ಕೂರುತ್ತಿತ್ತು, ಕಾಲೇಜಿಗೆ ತಲುಪುವ ಹೊತ್ತಿಗೆ ಬೆಚ್ಚಗಿರುತ್ತಿತ್ತು. ಇಂಥ ಮೂರು ಡಬ್ಬಿಗಳನ್ನು ಬರಮಾಡಿಕೊಂಡ ಮೇಲೆ ಆತ್ರೇಯರು ಗಾಜು ತೊಳೆಯುತ್ತಿದ್ದ ವಿಶಾಲಾಕ್ಷಮ್ಮನ ಹತ್ತಿರ ಬಂದು, "ಮೊಸರು ಹೆಪ್ಪು ಹಾಕೋಕೆ ಬರುತ್ತಲ್ಲಮ್ಮ ನಿಮಗೆ?" ಎಂದು ಕೇಳಿದರು.

"ಬರುತ್ತೆ ಸರ್."

"ಅಷ್ಟು ಸಾಕು. ಮಿಕ್ಕಿದ್ದು ನಾನು ಹೇಳಿಕೊಡ್ತೀನಿ."

ಅಷ್ಟು ಸಾಕಾಗಲಿಲ್ಲ. ಕಲಿಯಲು ಎರಡು ವರ್ಷ ಹಿಡಿಯಿತು. ಬ್ಯಾಕ್ಟೀರಿಯಾಗಳಿಗೆ ಮುತ್ತಿಗೆ ಹಾಕಿ ಅವುಗಳೊಳಗೇ ಮರಿ ಮಾಡುವ ಟಿ-ಫೋರ್ ಎಂಬ ವೈರಸ್ಸಿದೆ. ಲೈಗೇಸ್ ಆ ವೈರಸ್ಸಿನದು. ಒಡೆಯನಿಲ್ಲದ ಮನೆಯಲ್ಲಿ ಅಡುಗೆ ಮಾಡಿಕೊಂಡು ಕೂತವರ ಹಾಗೆ ವೈರಸ್ಸು ಬ್ಯಾಕ್ಟೀರಿಯಾದ ಒಳಗೆ ತನ್ನ ಡಿಎನ್‌ಎಯ ಪ್ರತಿ ತೆಗೆಯುತ್ತದೆ. ಆಗ ಎಳೆಗಳು ಅಲ್ಲಲ್ಲಿ ತುಂಡುತುಂಡಾಗಿ ಉಳಿಯುತ್ತವೆ, ಅವನ್ನು ಬೆಸೆಯಲು ಈ ಕಿಣ್ವವನ್ನು ಮಾಡಿಕೊಳ್ಳುತ್ತದೆ. ಆ ಕಿಣ್ವದ ಜೀನನ್ನು ಮಾತ್ರ ತೆಗೆದು ಬ್ಯಾಕ್ಟೀರಿಯಾಕ್ಕೆ ಸೇರಿಸಿಟ್ಟರೆ, ವೈರಸ್ಸಿನ ಗೋಜಿಲ್ಲದೆ ಬ್ಯಾಕ್ಟೀರಿಯಾವೇ ಅದನ್ನು ಮಾಡಿಕೊಡುತ್ತದೆ. ವಿಶಾಲಾಕ್ಷಮ್ಮ ಆ ಬ್ಯಾಕ್ಟೀರಿಯಾವನ್ನು ಬೆಳೆಸಬೇಕು, ಒಡೆಯಬೇಕು, ರಸವನ್ನು ಒಂದು ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿ ಲೈಗೇಸನ್ನಷ್ಟೇ ಹಿಡಿದುಕೊಳ್ಳಬೇಕು. ಮೂರನೆಯ ದಿನ ಒಂದು ಪುಟ್ಟ ಬಾಟಲಿಯ ತಳದಲ್ಲಿ ನೀರಿನಂಥ ಏನೋ ಉಳಿಯುತ್ತಿತ್ತು. ಅದಕ್ಕೆ ಗ್ಲಿಸರಾಲ್ ಬೆರೆಸಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಟ್ಟರೆ ವರ್ಷವಿಡೀ ಇಲಾಖೆಗೆ ಸಾಕು.

ಅದು ಹೇಗೆ ಜೋಡಿಸುತ್ತದೆ ಎಂದು ವಿಶಾಲಾಕ್ಷಮ್ಮ ಒಂದು ದಿನ ಕೇಳಿದರು.

"ಬರಿಗೈಲಿ ಬಂದ್ರೆ ಅದೇನೂ ಮಾಡಲ್ಲಮ್ಮ" ಎಂದರು ಆತ್ರೇಯ. "ಕಿಣ್ವದ ಜೊತೆ ಬೆರೆಸೋ ದ್ರಾವಣ ಇದೆಯಲ್ಲ, ಆ ಬಫರಲ್ಲಿ ಎಟಿಪಿ ಅಂತ ಹಾಕ್ತೀವಲ್ಲ, ಮೊದಲು ಅದರಿಂದ ಒಂದು ತುಣುಕು ಕಿತ್ತು ತನ್ನ ಮೈಗೆ ಅಂಟಿಸಿಕೊಳ್ಳುತ್ತೆ. ಆಮೇಲೆ ಆ ತುಣುಕನ್ನ ತುಂಡಾದ ಎಳೆಯ ಒಂದು ತುದಿಗೆ ದಾಟಿಸುತ್ತೆ. ಆಗ ಇನ್ನೊಂದು ತುದಿ ಬಂದು ಸೇರಿಕೊಳ್ಳುತ್ತೆ, ತುಣುಕು ಉದುರಿಹೋಗುತ್ತೆ. ಮದುವೆ ದಳ್ಳಾಳಿ ಥರ. ಕೆಲಸ ಆದ್ಮೇಲೆ ಫೋಟೋದಲ್ಲಿರಲ್ಲ."

ಅದರ ಆಕಾರ ಹೇಗಿದೆ ಎಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಬೇರೆ ಲೈಗೇಸುಗಳದ್ದು ಗೊತ್ತಿತ್ತು, ಈ ವೈರಸ್ಸಿನದ್ದು ಯಾರೂ ಕಂಡಿರಲಿಲ್ಲ. ವಿಶಾಲಾಕ್ಷಮ್ಮ ಹದಿನೈದು ವರ್ಷ ಅದನ್ನು ಮಾಡಿದ ಮೇಲೆ, ಎರಡು ಸಾವಿರದ ಹದಿನೆಂಟರಲ್ಲಿ, ಆತ್ರೇಯರು ಒಂದು ಬಣ್ಣದ ಪ್ರಿಂಟ್ ಹಿಡಿದುಕೊಂಡು ಪ್ರಯೋಗಾಲಯಕ್ಕೆ ಬಂದರು. ಎಕ್ಸ್‌ರೇ ಹಾಯಿಸಿ ಯಾರೋ ಅದರ ರಚನೆ ಕಂಡುಹಿಡಿದಿದ್ದರು. ಚಿತ್ರದಲ್ಲಿ ಹಗ್ಗದ ಹಾಗೆ ಹೊಸೆದುಕೊಂಡ ಡಿಎನ್‌ಎಯ ಸುತ್ತ ಮೂರು ಬಣ್ಣದ ಮೂರು ಉಂಡೆಗಳು ತಬ್ಬಿಕೊಂಡಿದ್ದವು.

"ಇದು ಹಿಡಿದುಕೊಳ್ಳುತ್ತೆ. ನಡುವಿಂದು ಕೆಲಸ ಮಾಡುತ್ತೆ. ಮೂರನೇದು ಬಾಗಿಲ ಥರ ತಿರುಗಿ ಬಂದು ಮುಚ್ಚಿಕೊಳ್ಳುತ್ತೆ."

ವಿಶಾಲಾಕ್ಷಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಕೀಲಿರೋ ಕಡಗದ ಥರ."

"ಅದೇ. ತೆಗೆದು, ಕೈಗೆ ಹಾಕಿ, ಮುಚ್ಚೋದು."

"ಇಷ್ಟೇನಾ ಸರ್?"

"ಇಷ್ಟೇ" ಎಂದರು ಆತ್ರೇಯ, ಸ್ವಲ್ಪ ಬೇಸರದಿಂದ. ಆದರೆ ಆ ಪ್ರಿಂಟನ್ನು ವಿಶಾಲಾಕ್ಷಮ್ಮ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದರು. ದೇವರ ಕ್ಯಾಲೆಂಡರ್ ಇದ್ದ ಜಾಗ ಅದು. ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿದರು.

ಆತ್ರೇಯರು ನಿವೃತ್ತರಾದರು. ಮರುವರ್ಷ ತೀರಿಕೊಂಡರು. ಅವರ ಜಾಗಕ್ಕೆ ಬಂದ ಡಾಕ್ಟರ್ ಚೈತನ್ಯಾ ನಲವತ್ತು ದಾಟದ ಹೆಂಗಸು. ಮಲ್ಲೇಶ್ವರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು, ಎಲ್ಲರಿಗಿಂತ ಮುಂಚೆ ಬರುತ್ತಿದ್ದರು, ಕೆಲಸ ಬಲ್ಲವರು. ಅವರಿಗೆ ಸಹಿಸಲಾಗದಿದ್ದದ್ದು ಎರಡು: ಹೆಸರು ಬರೆಯದ ಬಾಟಲಿ, ಮತ್ತು "ಹಿಂದಿನಿಂದ ಹೀಗೇ ಮಾಡ್ತಿದೀವಿ" ಎನ್ನುವ ಮಾತು.

ಆ ವರ್ಷ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಗೋಡೆಗೆ ಸುಣ್ಣಬಣ್ಣವಾಯಿತು. ಬಣ್ಣ ಹೊಡೆದ ಗೋಡೆಯ ಮುಂದೆ ಹಳೆಯ ಫ್ರಿಜ್ಜು ಮೊದಲಿಗಿಂತ ಹಳೆಯದಾಗಿ ಕಂಡಿತು. ಅದರ ಫ್ರೀಜರಿನಲ್ಲಿ ಐಸು ಗೋಡೆಯಂತೆ ಕಟ್ಟಿಕೊಳ್ಳುತ್ತಿತ್ತು. ಎರಡು ತಿಂಗಳಿಗೊಮ್ಮೆ ವಿಶಾಲಾಕ್ಷಮ್ಮ ಸಾಮಾನನ್ನೆಲ್ಲ ಐಸ್ ಡಬ್ಬಿಗೆ ಸಾಗಿಸಿ, ಮರದ ಸೌಟಿನಿಂದ ಕೆರೆದು ತೆಗೆಯಬೇಕಿತ್ತು. ಚೈತನ್ಯಾ ಅದನ್ನು ಸಾಗಹಾಕಿ, ಐಸು ಕಟ್ಟದ ಹೊಸ ಫ್ರಿಜ್ಜು ತರಿಸಿದರು.

"ಮೇಡಂ, ಐಸ್ ಕಟ್ಟದೇ ಇರೋದು ಬೇಡ" ಎಂದರು ವಿಶಾಲಾಕ್ಷಮ್ಮ.

"ಯಾಕಮ್ಮ?"

"ಸರ್ ಬೇಡ ಅಂದಿದ್ರು."

"ಯಾಕೆ ಬೇಡ ಅಂದಿದ್ರು?"

ಅದನ್ನು ವಿಶಾಲಾಕ್ಷಮ್ಮ ಕೇಳಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವರು ಆತ್ರೇಯರನ್ನು ನೂರು ಪ್ರಶ್ನೆ ಕೇಳಿದ್ದರು, ಇದೊಂದನ್ನು ಕೇಳಿರಲಿಲ್ಲ. ಚೈತನ್ಯಾ ಫ್ರಿಜ್ಜಿನ ಪ್ಲಗ್ ಹಾಕಿಸಿದರು. ಕಿಣ್ವದ ಟ್ಯೂಬುಗಳು, ಬಫರಿನ ಟ್ಯೂಬುಗಳು ಎಲ್ಲವೂ ಕೈಗೆ ಸುಲಭವಾಗಿ ಸಿಗುವಂತೆ ಫ್ರೀಜರಿನ ಬಾಗಿಲಿನ ಅಂಕಣಕ್ಕೆ ಬಂದವು. ಪ್ರತಿಯೊಂದಕ್ಕೂ ಹೆಸರು ಬರೆದ ಚೀಟಿ ಬಂತು. ನೋಡಲು ಚೆನ್ನಾಗಿಯೇ ಇತ್ತು.

ಎರಡು ತಿಂಗಳ ನಂತರ ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ನಿಂತುಹೋದವು. ಕತ್ತರಿಸಿದ ಡಿಎನ್‌ಎ ಕತ್ತರಿಸಿದ ಹಾಗೆಯೇ ಇರುತ್ತಿತ್ತು. ಜೋಡಣೆಯಾದ ಡಿಎನ್‌ಎ ಸೇರಿದ ಬ್ಯಾಕ್ಟೀರಿಯಾ ಬೆಳೆದು ಬೆಳಿಗ್ಗೆ ಬಿಳಿ ಚುಕ್ಕೆಗಳು ಕಾಣಬೇಕಾದ ತಟ್ಟೆಗಳು ಬೋಳಾಗಿರುತ್ತಿದ್ದವು. ಯಶಶ್ರೀ ಎಂಬ ಹುಡುಗಿ ಏಳು ಸಲ ಮಾಡಿದಳು, ಏಳು ಸಲವೂ ಬೋಳು ತಟ್ಟೆ. ಎಂಟನೆಯ ಸಲ ದೊಡ್ಡ ಗಣಪತಿಗೆ ಹೋಗಿಬಂದು ಮಾಡಿದಳು. ಬದಲಾವಣೆಯಿರಲಿಲ್ಲ.

ಚೈತನ್ಯಾ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿದರು. ಡಿಎನ್‌ಎ ಸರಿಯಿತ್ತು, ಬ್ಯಾಕ್ಟೀರಿಯಾ ಸರಿಯಿತ್ತು, ಉಳಿದದ್ದು ಲೈಗೇಸು. ಒಂದು ಶನಿವಾರ ಸುತ್ತೋಲೆ ಬಂತು. ನೋಡಿದ್ದಕ್ಕೆ ಎಲ್ಲರೂ ಸಹಿ ಹಾಕಬೇಕು. ಅದು ಇಂಗ್ಲಿಷಿನಲ್ಲಿತ್ತು; ಯಶಶ್ರೀ ಓದಿ ಹೇಳಿದಳು.

"ನಮ್ಮಲ್ಲೇ ಮಾಡಿದ ಲೈಗೇಸ್ ಇನ್ಮೇಲೆ ಯೂಸ್ ಮಾಡೋ ಹಾಗಿಲ್ಲ ಅಂತ ಆಂಟಿ. ಕಂಪ್ನಿದು ತರಿಸ್ತಾರಂತೆ."

"ಯಾಕಂತೆ?"

ಯಶಶ್ರೀ ಕಾಗದವನ್ನೇ ನೋಡಿದಳು. "ಕ್ವಾಲಿಟಿ ಡೌಟ್‌ಫುಲ್ ಅಂತ ಹಾಕಿದಾರೆ."

ವಿಶಾಲಾಕ್ಷಮ್ಮ ಸಹಿ ಹಾಕಿದರು. ಕನ್ನಡದಲ್ಲಿ, ಪೂರ್ತಿ ಹೆಸರು. ಆಮೇಲೆ ಹೋಗಿ ಸ್ವಚ್ಛವಾಗಿಯೇ ಇದ್ದ ಇಪ್ಪತ್ತನಾಲ್ಕು ಪರೀಕ್ಷಾನಳಿಗೆಗಳನ್ನು ಇನ್ನೊಮ್ಮೆ ತೊಳೆದರು. ಅಲ್ಲಿಂದ ಮುಂದೆ ಎರಡು ತಿಂಗಳು ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಯಾರ ಮೇಲೂ ರೇಗಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಕಾಳಪ್ಪ ಎರಡು ದಿನ ಸುಮ್ಮನೆ ಉಂಡು, ಮೂರನೆಯ ದಿನದಿಂದ ಮಜ್ಜಿಗೆ ಜಾಸ್ತಿ ಹಾಕಿಕೊಂಡರು.

ಕಂಪನಿಯ ಲೈಗೇಸು ಬಂತು. ಈಗೆಲ್ಲ ಮೂರೇ ದಿನಕ್ಕೆ ಬರುತ್ತದೆ, ಐಸಿನ ಜೊತೆಗೇ. ಅದರದೇ ಬಫರೂ ಜೊತೆಗಿತ್ತು. ಯಶಶ್ರೀಯ ತಟ್ಟೆಯಲ್ಲಿ ಒಂದೇ ದಿನಕ್ಕೆ ನೂರಾರು ಚುಕ್ಕೆ ಮೂಡಿದವು. ಅವಳು ವಿ.ವಿ. ಪುರದಿಂದ ಅವರೆಬೇಳೆ ಮಿಕ್ಸ್ಚರ್ ತಂದು ಎಲ್ಲರಿಗೂ ಹಂಚಿದಳು. ವಿಶಾಲಾಕ್ಷಮ್ಮನೂ ಒಂದು ಹಿಡಿ ತೆಗೆದುಕೊಂಡರು. ಚೆನ್ನಾಗಿದೆ ಎಂದರು.

ಮೂರು ವಾರದ ನಂತರ ಕಂಪನಿಯ ಲೈಗೇಸೂ ಕೆಲಸ ನಿಲ್ಲಿಸಿತು.

ಚೈತನ್ಯಾ ಕಂಪನಿಗೆ ಬರೆದರು. ಕಂಪನಿ ವಿನಯದಿಂದ ಉತ್ತರಿಸಿತು: ಬಫರನ್ನು ಎಷ್ಟು ಸಲ ಕರಗಿಸಿ ಮತ್ತೆ ಗಟ್ಟಿಮಾಡಿದ್ದೀರಿ? ಬೇಕಾದಷ್ಟು ಸಣ್ಣ ಸಣ್ಣ ಟ್ಯೂಬಿಗೆ ಹಂಚಿಯೇ ಇಟ್ಟಿದ್ದೇವೆ, ಒಂದು ಸಲವೂ ಇಲ್ಲ ಎಂದು ಚೈತನ್ಯಾ ತಿರುಗಿ ಬರೆದರು. ಆ ಮಾತನ್ನು ಅವರು ಯಶಶ್ರೀಗೆ ಹೇಳುತ್ತಿದ್ದಾಗ ವಿಶಾಲಾಕ್ಷಮ್ಮ ಅಲ್ಲೇ ನೆಲ ಒರೆಸುತ್ತಿದ್ದರು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ವಿಶಾಲಾಕ್ಷಮ್ಮ ಹೇಳಿದರು, "ಕಂಪ್ನಿದೂ ಸತ್ತೋಯ್ತು ಕಣ್ರೀ."

ಅದು ಸಂತೋಷದ ಸುದ್ದಿಯೋ ದುಃಖದ್ದೋ ಮುಖ ನೋಡಿ ಕಾಳಪ್ಪನಿಗೆ ಗೊತ್ತಾಗಲಿಲ್ಲ. ಅನ್ನ ಕಲಸುತ್ತಾ, "ಮಂಡೀಲಿ ಮಲ್ಲಿಗೆ ಬಾಡಿದ್ರೆ ಬೆಳೆದೋನನ್ನ ಬೈತಿದ್ರು. ಇನ್ನೊಬ್ಬನ ಹತ್ರ ತಗೊಂಡು, ಅದೂ ಬಾಡಿದ್ರೆ ಆಗ ಇಟ್ಟಿದ್ದ ಜಾಗ ನೋಡ್ತಿದ್ರು" ಎಂದರು.

ವಿಶಾಲಾಕ್ಷಮ್ಮ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. "ಮೊದಲೇ ಜಾಗ ಯಾಕೆ ನೋಡ್ತಿರ್ಲಿಲ್ಲ?"

"ಬೈಯೋದು ಸುಲಭ ಅಲ್ವಾ?"

ಸೋಮವಾರ ಅವರು ಪಕ್ಕದ ರಸಾಯನಶಾಸ್ತ್ರ ಇಲಾಖೆಯ ಅಟೆಂಡರ್ ನಾರಾಯಣಪ್ಪನ ಹತ್ತಿರ ಹೋಗಿ ತಂತಿಯ ಥರ್ಮಾಮೀಟರ್ ಕೇಳಿದರು. ತಂತಿಯ ತುದಿ ಫ್ರಿಜ್ಜಿನ ಒಳಗೆ, ಅಂಕಿ ತೋರಿಸುವ ಡಬ್ಬಿ ಹೊರಗೆ, ಬಾಗಿಲು ತೆಗೆಯಬೇಕಿಲ್ಲ. ತುದಿಯನ್ನು ಬಾಗಿಲಿನ ಅಂಕಣದಲ್ಲಿ, ಟ್ಯೂಬುಗಳ ಪಕ್ಕವೇ, ಪುಟ್ಟ ಗ್ಲಿಸರಾಲ್ ಬಾಟಲಿಯಲ್ಲಿ ಅದ್ದಿಟ್ಟರು. ಅರ್ಧ ಗಂಟೆಗೊಮ್ಮೆ ಅಂಕಿ ನೋಡಿ ಹಳೆಯ ಡೈರಿಯಲ್ಲಿ ಬರೆದರು. ಬೆಳಿಗ್ಗೆಯೆಲ್ಲ ಮೈನಸ್ ಹದಿನೆಂಟು, ಹತ್ತೊಂಬತ್ತು. ಮಧ್ಯಾಹ್ನ ಎರಡೂವರೆಗೆ ಮೈನಸ್ ಎಂಟು. ಮೂರಕ್ಕೆ ಮೈನಸ್ ಒಂದು. ನಾಲ್ಕೂವರೆಗೆ ಮತ್ತೆ ಮೈನಸ್ ಹದಿನೇಳು. ಬುಧವಾರವೂ ಹಾಗೆಯೇ ಆಯಿತು. ಐಸು ಕಟ್ಟದ ಫ್ರಿಜ್ಜಿನಲ್ಲಿ ಐಸು ಯಾಕೆ ಕಟ್ಟುವುದಿಲ್ಲ ಎನ್ನುವುದು ಅವರಿಗೆ ಆಗ ಗೊತ್ತಾಯಿತು: ಅದು ಯಾರಿಗೂ ಹೇಳದೆ ಆಗಾಗ ತನ್ನನ್ನು ತಾನೇ ಬಿಸಿಮಾಡಿಕೊಂಡು ಐಸನ್ನು ಕರಗಿಸಿಬಿಡುತ್ತದೆ.

ಗುರುವಾರ ಬೆಳಿಗ್ಗೆ ಬಫರಿನ ಟ್ಯೂಬುಗಳನ್ನು ನೋಡಿದರು, ಗಟ್ಟಿಯಾಗಿದ್ದವು. ಶುಕ್ರವಾರ ಮಧ್ಯಾಹ್ನ ಅಂಕಿ ಏರಿದ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದು ನೋಡಿದರು. ಟ್ಯೂಬನ್ನು ಓರೆ ಮಾಡಿದರೆ ಒಳಗೆ ನೀರು ಅಲ್ಲಾಡಿತು. ಕಿಣ್ವದ ಟ್ಯೂಬಿನಲ್ಲಿ ಗ್ಲಿಸರಾಲ್ ಇರುವುದರಿಂದ ಅದು ಎಂದೂ ಹೆಪ್ಪುಗಟ್ಟುವುದಿಲ್ಲ. ಅದನ್ನು ನೋಡಿ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಬಫರು ಮಾತ್ರ ಎರಡು ದಿನಕ್ಕೊಮ್ಮೆ ಕರಗಿ, ಗಟ್ಟಿಯಾಗಿ, ಮತ್ತೆ ಕರಗುತ್ತಿತ್ತು. ಎಟಿಪಿ ಇದ್ದದ್ದು ಬಫರಿನಲ್ಲಿ. ಹೀಗೆ ಕರಗಿಸಿ ಗಟ್ಟಿಮಾಡಿದರೆ ಎಟಿಪಿ ಮುರಿದುಹೋಗುತ್ತದೆ ಎಂದು ಆತ್ರೇಯರು ಮೊದಲ ವಾರವೇ ಹೇಳಿಕೊಟ್ಟಿದ್ದರು.

ಶನಿವಾರ ಇಲಾಖೆ ಅರ್ಧ ದಿನ. ಎಲ್ಲರೂ ಹೋದ ಮೇಲೆ ವಿಶಾಲಾಕ್ಷಮ್ಮ ನಾರಾಯಣಪ್ಪನಿಂದ ಒಂದು ಚಿಟಿಕೆ ಎಟಿಪಿ ಪುಡಿ ಇಸಕೊಂಡು ಹೊಸ ಬಫರು ಮಾಡಿದರು. ನಾಲ್ಕು ಟ್ಯೂಬು ಜೋಡಿಸಿದರು: ತಾವು ಮಾಡಿದ್ದ ಲೈಗೇಸಿಗೆ ಹಳೆಯ ಬಫರು, ತಮ್ಮದಕ್ಕೇ ಹೊಸ ಬಫರು, ಕಂಪನಿಯದಕ್ಕೆ ಹಳೆಯದು, ಕಂಪನಿಯದಕ್ಕೆ ಹೊಸದು. ನಾಲ್ಕಕ್ಕೂ ಕತ್ತರಿಸಿದ ಡಿಎನ್‌ಎ ಹಾಕಿದರು. ಪ್ರತಿ ಸಲ ಕಿಣ್ವ ಮಾಡಿದಾಗಲೂ ಅವರು ಮಾಡುತ್ತಿದ್ದ ಪರೀಕ್ಷೆಯೇ ಅದು. ಜೆಲ್ ಎಂಬ ಲೋಳೆಯಂಥ ಹಾಳೆಯಲ್ಲಿ ವಿದ್ಯುತ್ತಿನಿಂದ ಹರಿಸಿದಾಗ, ಜೋಡಣೆಯಾಗದ ಡಿಎನ್‌ಎ ಏಣಿಯ ಮೆಟ್ಟಿಲಿನ ಹಾಗೆ ಬೇರೆಬೇರೆ ಗೆರೆಯಾಗಿ ಕಾಣುತ್ತದೆ. ಜೋಡಿಸಿಕೊಂಡದ್ದು ಭಾರವಾಗಿ ಮೇಲೆ ಒಂದೇ ದಪ್ಪ ಗೆರೆಯಾಗಿ ಉಳಿಯುತ್ತದೆ.

ಕಾಯುವಾಗ, ತಮ್ಮದು ಕೆಟ್ಟಿದ್ದರೆ ಕೆಟ್ಟಿದೆ ಎಂದು ಗೊತ್ತಾಗಲಿ ಎಂದುಕೊಂಡರು. ಹಾಗೆ ಅಂದುಕೊಂಡದ್ದು ನಿಜವಲ್ಲ ಎಂದೂ ಗೊತ್ತಿತ್ತು.

ನೇರಳೆ ದೀಪದಲ್ಲಿ ನೋಡಿದರು. ಏಣಿ, ಗೆರೆ, ಏಣಿ, ಗೆರೆ.

ಫೋಟೋ ತೆಗೆದು, ಡೈರಿಯ ಹಾಳೆಯ ಜೊತೆ ಪಿನ್ ಮಾಡಿ, ಚೈತನ್ಯಾ ಅವರ ಮೇಜಿನ ಮೇಲಿಟ್ಟು ಮನೆಗೆ ಹೋದರು. ಅವತ್ತಿನ ಸಾರಿಗೆ ಉಪ್ಪು ಸರಿಯಾಗಿತ್ತು. ಕಾಳಪ್ಪ ಎರಡನೇ ಸಲ ಬಡಿಸಿಕೊಂಡರು.

ಸೋಮವಾರ ಚೈತನ್ಯಾ ಕರೆದರು. ಕಾಗದ ಮುಂದಿತ್ತು.

"ಇದನ್ನ ನೀವು ಮಾಡಿದ್ದಾ?"

"ಹೌದು ಮೇಡಂ."

"ಒಬ್ಬರೇ?"

"ಎಟಿಪಿ ನಾರಾಯಣಪ್ಪನೋರ್ದು."

ಚೈತನ್ಯಾ ಫೋಟೋವನ್ನು ಇನ್ನೊಮ್ಮೆ ನೋಡಿದರು. ಅವರು ಕೆಲಸ ಬಲ್ಲವರೆಂದು ಮೊದಲೇ ಹೇಳಿದೆ. ಎರಡನೇ ಸಲ ವಿವರಿಸಬೇಕಾಗಲಿಲ್ಲ. "ನಾನು ಎಂಜೈಮ್ ಬದಲಾಯಿಸಿ ನೋಡಿದೆ. ಬಫರ್ ಮಾತ್ರ ಬದಲಾಯಿಸಿ ನೋಡೋದು ಹೊಳೀಲೇ ಇಲ್ಲ" ಎಂದರು. ಫೋಟೋ ಕೆಳಗಿಟ್ಟು, "ಫ್ರಿಜ್ ಬೇಡ ಅಂತ ನೀವು ಹೇಳಿದ್ರಿ. ಕಾರಣ ಹೇಳಲಿಲ್ಲ" ಎಂದರು.

"ಆಗ ಗೊತ್ತಿರ್ಲಿಲ್ಲ ಮೇಡಂ. ಈಗ ಗೊತ್ತಾಯ್ತು."

"ನನಗೂ" ಎಂದರು ಚೈತನ್ಯಾ. "ಆ ಸುತ್ತೋಲೆ ಬರೆಯೋಕೆ ಮುಂಚೆ ನಿಮ್ಮನ್ನ ಕರೆದು ಕೇಳಬೇಕಿತ್ತು. ತಪ್ಪಾಯ್ತು."

ಮಧ್ಯಾಹ್ನ ಇನ್ನೊಂದು ಸುತ್ತೋಲೆ ಬಂತು: ಹಿಂದಿನ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಇದು ಕನ್ನಡದಲ್ಲಿತ್ತು. ವಿಶಾಲಾಕ್ಷಮ್ಮ ತಾವೇ ಓದಿ ಸಹಿ ಹಾಕಿದರು.

ಉಳಿದದ್ದು ಹಳೆಯ ಫ್ರಿಜ್ಜು. ಅದು ಗುಜರಿಗೆ ಹೋಗಿರಲಿಲ್ಲ, ಕಾಲೇಜಿನ ಕ್ರೀಡಾ ವಿಭಾಗಕ್ಕೆ ಹೋಗಿತ್ತು. ಅಲ್ಲಿನ ನಿರ್ದೇಶಕ ಏಕಾಂತಯ್ಯ ಕೊಡಲು ಒಪ್ಪಲಿಲ್ಲ.

"ನಮ್ಮ ಹುಡುಗ್ರು ದಿನಾ ಕಾಲು ಉಳುಕಿಸ್ಕೊಂಡು ಬರ್ತಾರಮ್ಮ. ಈ ಫ್ರಿಜ್ಜಲ್ಲಿ ಕಟ್ಟೋ ಐಸು ಬೇರೆ ಯಾವುದರಲ್ಲೂ ಕಟ್ಟಲ್ಲ."

"ಅದಕ್ಕೇ ಸರ್ ನಮಗೂ ಬೇಕಾಗಿರೋದು."

ಕಡೆಗೆ ಫ್ರೀಜರಿನ ಮೇಲಿನ ತಟ್ಟೆ ಕ್ರೀಡೆಗೆ, ಕೆಳಗಿನದು ಜೀವಶಾಸ್ತ್ರಕ್ಕೆ ಎಂದಾಯಿತು. ವಿಶಾಲಾಕ್ಷಮ್ಮ ದಿನಕ್ಕೆರಡು ಸಲ ಐಸ್ ಡಬ್ಬಿ ಹಿಡಿದು ಬಾಸ್ಕೆಟ್‌ಬಾಲ್ ಅಂಗಳ ದಾಟಿ ಹೋಗಿಬರತೊಡಗಿದರು. ಆಡುತ್ತಿದ್ದವರು ಅವರು ದಾಟುವವರೆಗೆ ಚೆಂಡು ಹಿಡಿದು ನಿಲ್ಲುತ್ತಿದ್ದರು.

ತಪಾಸಣಾ ಸಮಿತಿ ಬಂತು. ಸದಸ್ಯರೊಬ್ಬರು ಕ್ರೀಡಾ ವಿಭಾಗದ ಫ್ರಿಜ್ಜು ತೆಗೆದು, ಒಳಗಿದ್ದ ಡಬ್ಬಿಯ ಮೇಲೆ ಚೈತನ್ಯಾ ಬರೆಸಿದ್ದ ಚೀಟಿಯನ್ನು ಓದಿ, ಲೈಗೇಸ್ ಇಲ್ಲೇಕಿದೆ ಎಂದು ವಿಚಾರಿಸಿದರು. ಏಕಾಂತಯ್ಯನವರಿಗೆ ಗೊತ್ತಿದ್ದದ್ದು ಕೀಲಿನ ಲಿಗಮೆಂಟ್ ಒಂದೇ. "ಕಿತ್ತೋಗಿರೋದನ್ನ ಜೋಡಿಸೋಕೆ ಸರ್" ಎಂದರು. ಸದಸ್ಯರು ತಲೆದೂಗಿ ಬರೆದುಕೊಂಡರು. ವರದಿಯಲ್ಲಿ ಕ್ರೀಡಾ ಚಿಕಿತ್ಸೆಯ ಸೌಲಭ್ಯಕ್ಕೆ ಒಳ್ಳೆಯ ಅಂಕ ಬಂತು. ಜೀವಶಾಸ್ತ್ರಕ್ಕೆ ಸಾಧಾರಣ ಎಂದಿತ್ತು.

ಮುಂದಿನ ಸೆಮಿಸ್ಟರಿನಲ್ಲಿ ಲೈಗೇಸಿನ ಪ್ರಾಯೋಗಿಕ ತರಗತಿಯನ್ನು ವಿಶಾಲಾಕ್ಷಮ್ಮನೇ ನಡೆಸಲಿ ಎಂದರು ಚೈತನ್ಯಾ. ನಿವೃತ್ತಿಗೆ ಇನ್ನು ಹತ್ತು ತಿಂಗಳಿತ್ತು. ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಎಂಟು ಗುಂಪು, ಮೂವತ್ತೆರಡು ಮಕ್ಕಳು. ಯಶಶ್ರೀ ಹಿಂದೆ ಕೂತು ಬರೆದುಕೊಳ್ಳುತ್ತಿದ್ದಳು.

"ಇದು ವೈರಸ್‌ದು ಅಂದ್ರಲ್ಲ ಆಂಟಿ, ನಮಗೇನೂ ಆಗಲ್ವಾ?" ಎಂದು ಮುಂದಿನ ಸಾಲಿನವನೊಬ್ಬ ಕೇಳಿದ.

"ಆ ವೈರಸ್ ಬ್ಯಾಕ್ಟೀರಿಯಾಗೆ ಮಾತ್ರ ಬರೋದು. ನೀನು ಬ್ಯಾಕ್ಟೀರಿಯಾ ಅಲ್ವಲ್ಲ."

ಟ್ಯೂಬು ಕೈಯಿಂದ ಕೈಗೆ ಹೋಯಿತು. ಒಬ್ಬಳು ಬೆಳಕಿಗೆ ಹಿಡಿದು, "ಏನೂ ಕಾಣಲ್ಲ" ಎಂದಳು.

"ಇಪ್ಪತ್ತು ವರ್ಷ ನಂಗೂ ಕಂಡಿಲ್ಲ" ಎಂದರು ವಿಶಾಲಾಕ್ಷಮ್ಮ. "ಬೇಗ ಕೊಡು, ಬಿಸಿಯಾಗುತ್ತೆ."

ಹನ್ನೆರಡು ಗಂಟೆಗೆ ಜೆಲ್‌ಗಳನ್ನು ನೋಡಿದರು. ಏಳು ಗುಂಪುಗಳ ಡಿಎನ್‌ಎ ಕೂಡಿಕೊಂಡಿತ್ತು. ಎಂಟನೆಯ ಗುಂಪಿನವರು ಎಟಿಪಿ ಹಾಕುವುದನ್ನೇ ಮರೆತಿದ್ದರು. ಬೈಗುಳಕ್ಕೆ ಸಿದ್ಧರಾಗಿ ನಾಲ್ವರೂ ತಲೆ ತಗ್ಗಿಸಿ ನಿಂತರು. ವಿಶಾಲಾಕ್ಷಮ್ಮ ಅವರ ಜೆಲ್ಲನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ ದೀಪದ ಮೇಲಿಟ್ಟು, ಎಲ್ಲರನ್ನೂ ಹತ್ತಿರ ಕರೆದರು: "ಬರಿಗೈಲಿ ಬಂದ್ರೆ ಲೈಗೇಸು ಏನೂ ಮಾಡಲ್ಲ ಅಂತ ಇಲ್ನೋಡಿ."